ಜಾಕಿಯ ಲೆಕ್ಕ ಬರೆಯುವುದು ಹೇಗೆ: ಬೈತಕೋಲ್ ಗುಮಾಸ್ತನ ನೋಟ್‌ಬುಕ್

ಜೂನ್ 1ಕ್ಕೆ ಯಾಂತ್ರಿಕ ಬೋಟುಗಳು ದಡ ಸೇರಿದರೆ ಮತ್ತೆ ಕಡಲಿಗಿಳಿಯುವುದು ಆಗಸ್ಟ್‌ನಲ್ಲೇ. ಆ 61 ದಿನ ಕಾರವಾರದ ಬೈತಕೋಲ್ ಬಂದರಿನಲ್ಲಿ ನನಗೆ ಕೆಲಸ ಕಡಿಮೆ. ನಾನು ಮೂರು ಪರ್ಸೀನ್ ಬೋಟುಗಳ ಲೆಕ್ಕ ಬರೆಯುವವನು. ಡೀಸೆಲ್ ಎಷ್ಟು, ಐಸ್ ಎಷ್ಟು, ಬಂಗಡೆ ಎಷ್ಟು ಬುಟ್ಟಿ, ಕಲಾಸಿಗಳ ಪಾಲು ಎಷ್ಟು, ಇಷ್ಟೇ ನನ್ನ ಪ್ರಪಂಚ. ಆದರೆ ಅದೇ ನೋಟ್‌ಬುಕ್ಕನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಬೇರೆ ಲೆಕ್ಕ ಸಿಗುತ್ತದೆ. ಅದು ಬೆಂಗಳೂರು, ಮೈಸೂರಿನ ಜಾಕಿಗಳದು, ಅಂದರೆ ರೇಸ್ ಕುದುರೆ ಓಡಿಸುವ ಸವಾರರದು.

ಈ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ. ಪಿಯುಸಿ ಮುಗಿಸಿ ರೇಸ್‌ಕೋರ್ಸ್ ರಸ್ತೆಯ ಹತ್ತಿರದ ಒಂದು ಹೋಟೆಲಿನಲ್ಲಿ ಏಳು ವರ್ಷ ಗಲ್ಲಾಪೆಟ್ಟಿಗೆ ನೋಡಿಕೊಂಡಿದ್ದೆ. ಗಿರಾಕಿಗಳಲ್ಲಿ ಅರ್ಧ ಜನ ರೇಸಿನವರು. ಕುದುರೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಹಾಗಾಗಿ ಸುಲಭದ ದಾರಿ ಹಿಡಿದೆ. ಆ ಸೀಸನ್‌ನಲ್ಲಿ ಯಾವ ಜಾಕಿ ಎಲ್ಲರಿಗಿಂತ ಜಾಸ್ತಿ ಗೆಲ್ಲುತ್ತಿದ್ದನೋ, ಅವನು ಹತ್ತಿದ ಕುದುರೆಗೆಲ್ಲ ಕಣ್ಣುಮುಚ್ಚಿ ಹಣ ಹಾಕಿದೆ. ಸೀಸನ್ ಮುಗಿದಾಗ ಅವನು ಚಾಂಪಿಯನ್ ಆದ. ನಾನು ಎರಡು ತಿಂಗಳ ಸಂಬಳ ಕಳೆದುಕೊಂಡಿದ್ದೆ.

ಗೆದ್ದವನ ಬೆನ್ನು ಹಿಡಿದೂ ಸೋತದ್ದು ಹೇಗೆ? ಇದು ಅರ್ಥವಾಗಿದ್ದು ಊರಿಗೆ ಬಂದು ಬೋಟಿನ ಲೆಕ್ಕ ಹಿಡಿದ ಮೇಲೆ.

ನಮ್ಮಲ್ಲಿ ತಾಂಡೇಲ ಅಂದರೆ ಬೋಟು ನಡೆಸುವವನು. ಒಳ್ಳೆಯ ತಾಂಡೇಲನಿಗೆ ಜಾಸ್ತಿ ಮೀನು ಬೀಳುತ್ತದೆ ಅಂತ ಬಂದರಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಒಳ್ಳೆಯ ತಾಂಡೇಲನಿಗೆ ಮಾಲೀಕರು ಹೊಸ ಎಂಜಿನ್ ಇರುವ ಬೋಟನ್ನೂ ಕೊಡುತ್ತಾರೆ, ಹೊಸ ಬಲೆಯನ್ನೂ ಕೊಡುತ್ತಾರೆ. ಹಾಗಾದರೆ ಆ ಮೀನಿನಲ್ಲಿ ತಾಂಡೇಲನ ಪಾಲು ಎಷ್ಟು, ಬೋಟಿನ ಪಾಲು ಎಷ್ಟು? ಲೆಕ್ಕ ಬರೆಯುವವನಿಗೆ ಇದು ಗೊತ್ತಾಗುವುದು ತಾಂಡೇಲ ಬೋಟು ಬದಲಿಸಿದಾಗ ಮಾತ್ರ. ಜಾಕಿಯ ಕತೆಯೂ ಇದೇ. ದೊಡ್ಡ ಟ್ರೇನರ್‌ಗಳು ತಮ್ಮ ಒಳ್ಳೆಯ ಕುದುರೆಗಳನ್ನು ಒಳ್ಳೆಯ ಜಾಕಿಗೇ ಕೊಡುತ್ತಾರೆ. ಅವನ ಗೆಲುವಿನಲ್ಲಿ ದೊಡ್ಡ ಭಾಗ ಕುದುರೆಯದು.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದುಕೊಳ್ಳಿ.

ಜಾಕಿಯ ಬಗ್ಗೆ ಎಲ್ಲರೂ ಮೊದಲು ನೋಡುವುದು ಸ್ಟ್ರೈಕ್ ರೇಟ್. ನೂರು ಸಲ ಹತ್ತಿದರೆ ಎಷ್ಟು ಸಲ ಗೆಲ್ಲುತ್ತಾನೆ ಅಂತ. ಸುಮ್ನೆ ಲೆಕ್ಕಕ್ಕೆ ಇಬ್ಬರನ್ನು ಇಟ್ಟುಕೊಳ್ಳಿ. ಮೊದಲನೆಯವನು 200 ಸವಾರಿಯಲ್ಲಿ 50 ಗೆದ್ದ, ಶೇ. 25. ಎರಡನೆಯವನು 120ರಲ್ಲಿ 12 ಗೆದ್ದ, ಶೇ. 10. ಯಾರು ಮೇಲು? ಬಾಯಲ್ಲಿ ಹೇಳುವುದಾದರೆ ಮೊದಲನೆಯವನು. ಈಗ ಪ್ರತಿ ಸವಾರಿಗೂ ₹100 ಹಾಕಿ ನೋಡಿ. ಮೊದಲನೆಯವನ ಕುದುರೆಗೆ ಎಲ್ಲರೂ ಮುಗಿಬೀಳುತ್ತಾರೆ, ಹಾಗಾಗಿ ಸರಾಸರಿ ದರ 2 ಟು 1, ಅಂದರೆ ₹100 ಹಾಕಿ ಗೆದ್ದರೆ ಲಾಭ ₹200, ಜೊತೆಗೆ ಹಾಕಿದ ₹100 ವಾಪಸ್. ಗೆದ್ದಾಗಲೆಲ್ಲ ಕೈಗೆ ₹300. 50 ಗೆಲುವಿಗೆ ₹15,000 ಬಂತು. ಹಾಕಿದ್ದು ₹20,000. ₹5,000 ಹೋಯಿತು. ಎರಡನೆಯವನಿಗೆ ಸರಾಸರಿ 11 ಟು 1 ಸಿಕ್ಕಿತು ಅನ್ನಿ. 12 ಗೆಲುವಿಗೆ ₹14,400. ಹಾಕಿದ್ದು ₹12,000. ₹2,400 ಲಾಭ.

ಆಹಾ ಅಂತ ಎರಡನೆಯವನ ಹಿಂದೆ ಓಡಬೇಡಿ. ಆ ಹನ್ನೆರಡರಲ್ಲಿ ಒಂದು 40 ಟು 1ರ ಕುದುರೆ ಇತ್ತು ಅಂದುಕೊಳ್ಳಿ. ಅದೊಂದರಿಂದಲೇ ₹4,100 ಬಂದಿದೆ. ಅದನ್ನು ತೆಗೆದರೆ ₹1,700 ನಷ್ಟ. ವರ್ಷಕ್ಕೊಮ್ಮೆ ಬಲೆಗೆ ಬೀಳುವ ದೊಡ್ಡ ಮೀನಿನ ರಾಶಿ ನಂಬಿ ಬೋಟು ಕೊಳ್ಳುತ್ತಾರಾ? ಹಾಗಾಗಿ ನನ್ನ ಮೊದಲ ನಿಯಮ ಹೀಗಿದೆ: ಲಾಭದ ಲೆಕ್ಕ ಮಾಡಿದ ಮೇಲೆ ಎಲ್ಲಕ್ಕಿಂತ ದೊಡ್ಡ ಗೆಲುವನ್ನು ಅಳಿಸಿ ಇನ್ನೊಮ್ಮೆ ಕೂಡಿಸಿ.

ಜಾಕಿಯ ಹೆಸರೇ ದರವನ್ನು ಹೇಗೆ ತಿನ್ನುತ್ತದೆ ಅಂತ ನೋಡಬೇಕಾದರೆ ಇಂಗ್ಲೆಂಡಿನ ಆಸ್ಕಟ್‌ನ ಒಂದು ದಿನ ಸಾಕು. 1996ರ ಸೆಪ್ಟೆಂಬರ್ 28. ಫ್ರಾಂಕಿ ಡೆಟ್ಟೋರಿ ಅಂದು ಏಳಕ್ಕೆ ಏಳೂ ರೇಸ್ ಗೆದ್ದ. ಏಳನೆಯದರಲ್ಲಿ ಅವನ ಕುದುರೆ ಫ್ಯೂಜಿಯಾಮಾ ಕ್ರೆಸ್ಟ್. ಬೆಳಿಗ್ಗೆ ಅದರ ದರ 12 ಟು 1 ಇತ್ತು. ಆರು ಗೆದ್ದ ಮೇಲೆ ಜನ ಹಣ ಸುರಿದರು, ರೇಸ್ ಶುರುವಾಗುವಾಗ ದರ 2 ಟು 1ಕ್ಕೆ ಇಳಿದಿತ್ತು. ಕುದುರೆ ಅದೇ, ಜಾಕಿ ಅವನೇ, ಹೊರಬೇಕಾದ ತೂಕವೂ ಅಷ್ಟೇ. ಬದಲಾಗಿದ್ದು ದರ ಒಂದೇ. ಅದು ಗೆದ್ದಿತು, ನಿಜ. ಆದರೂ 2 ಟು 1ರಲ್ಲಿ ಹಾಕಿದವನು ಒಳ್ಳೆಯ ಬೆಟ್ ಹಾಕಿದ ಅಂತ ನಾನು ಒಪ್ಪುವುದಿಲ್ಲ. ಅವನಿಗೆ ಅದೃಷ್ಟವಿತ್ತು, ಅಷ್ಟೇ. ಬೆಳಿಗ್ಗೆ 12 ಟು 1ರಲ್ಲಿ ಹಾಕಿದವನದ್ದು ಬೇರೆ ಮಾತು.

ಹಾಗಾದರೆ ಜಾಕಿಯನ್ನು ಅಳೆಯುವುದು ಹೇಗೆ? ಅವನು ಎಷ್ಟು ಗೆದ್ದ ಅಂತಲ್ಲ, ಅವನಿಗೆ ಸಿಕ್ಕ ಕುದುರೆಗಳಲ್ಲಿ ಎಷ್ಟು ಗೆಲ್ಲಬೇಕಿತ್ತು, ಅದಕ್ಕಿಂತ ಜಾಸ್ತಿ ಗೆದ್ದನಾ ಅಂತ ನೋಡಬೇಕು. ಗೆಲ್ಲಬೇಕಿದ್ದ ಲೆಕ್ಕ ದರದಲ್ಲೇ ಅಡಗಿದೆ. 4 ಟು 1 ಅಂದರೆ ಐದರಲ್ಲಿ ಒಂದು, ಶೇ. 20. 9 ಟು 1 ಅಂದರೆ ಶೇ. 10. 6 ಟು 4 ಅಂದರೆ ಹತ್ತರಲ್ಲಿ ನಾಲ್ಕು, ಶೇ. 40. ಈವನ್ ಮನಿ, ಅಂದರೆ 1 ಟು 1, ಶೇ. 50.

ಒಂದು ತೊಡಕಿದೆ. ಆರು ಕುದುರೆಗಳ ರೇಸಿನಲ್ಲಿ ದರಗಳು 6 ಟು 4, 3 ಟು 1, 4 ಟು 1, 7 ಟು 1, 9 ಟು 1, 19 ಟು 1 ಅನ್ನಿ. ಶೇಕಡಾ ಮಾಡಿದರೆ 40, 25, 20, 12.5, 10, 5. ಕೂಡಿಸಿ, 112.5 ಆಗುತ್ತದೆ. ನೂರರ ಮೇಲಿನ ಹನ್ನೆರಡೂವರೆ ಬುಕ್ಕಿಯ, ಅಂದರೆ ಬೆಟ್ ತೆಗೆದುಕೊಳ್ಳುವವನ ಕೂಲಿ. ಹಾಗಾಗಿ ಪ್ರತಿಯೊಂದನ್ನೂ 112.5ರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಆಗ ಫೇವರಿಟ್‌ನ, ಅಂದರೆ ಎಲ್ಲಕ್ಕಿಂತ ಕಡಿಮೆ ದರದ ಕುದುರೆಯ 40 ಇಳಿದು 35.6 ಆಗುತ್ತದೆ, ಎರಡನೆಯದರ 25 ಇಳಿದು 22.2 ಆಗುತ್ತದೆ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ನನ್ನ ಪುಟದಲ್ಲಿ ಗೆರೆಗಳು ಹೀಗಿವೆ: ದಿನಾಂಕ, ಜಾಕಿ, ಟ್ರೇನರ್, ಕುದುರೆ, ದೂರ, ತೂಕ, ರೇಸ್ ಶುರುವಾಗುವಾಗಿನ ದರ, ಆ ದರದಿಂದ ತೆಗೆದ ಶೇಕಡಾ, ಎಷ್ಟನೆಯ ಸ್ಥಾನ. ಕೊನೆಯಲ್ಲಿ ಒಂದು ಅಗಲದ ಖಾಲಿ ಜಾಗ. ‘ಗೇಟಿನಿಂದ ತಡ’, ‘ತಿರುವಿನಲ್ಲಿ ಹೊರಗೆ ಹೋದ’ ಅಂತ ಕಂಡದ್ದನ್ನು ಅಲ್ಲಿ ಬರೆಯುತ್ತೇನೆ. ಒಬ್ಬ ಜಾಕಿಯ ಶೇಕಡಾಗಳನ್ನೆಲ್ಲ ಕೂಡಿಸಿ ನೂರರಿಂದ ಭಾಗಿಸಿದರೆ ಅವನು ಎಷ್ಟು ಗೆಲ್ಲಬೇಕಿತ್ತು ಅಂತ ಬರುತ್ತದೆ.

ಉದಾಹರಣೆಗೆ 100 ಸವಾರಿ, ಗೆಲ್ಲಬೇಕಿದ್ದದ್ದು 14.2, ಗೆದ್ದದ್ದು 18. ಅಂದರೆ ಒಂದಕ್ಕೆ 1.27. ಚೆನ್ನಾಗಿದೆ ಅಲ್ವಾ? ನಾನೂ ಹಾಗೇ ಹಿಗ್ಗಿದ್ದೆ. ಆದರೆ ಹದಿನಾಲ್ಕು ಗೆಲ್ಲಬೇಕಾದ ಕಡೆ ಬರೀ ಅದೃಷ್ಟವೇ ಮೂರು ನಾಲ್ಕು ಗೆಲುವನ್ನು ಆಚೀಚೆ ಮಾಡುತ್ತದೆ. ಹದಿನೆಂಟು ಅಂದರೆ ಅಲೆಯ ಒಂದು ಏರಿಳಿತ, ಅದರಿಂದ ಏನೂ ಗೊತ್ತಾಗುವುದಿಲ್ಲ. ಅದೇ ಓಟದಲ್ಲಿ 400 ಸವಾರಿ ಆಯಿತು, 57ರ ಬದಲು 72 ಗೆದ್ದ ಅನ್ನಿ. ಅಲ್ಲಿ ಅದೃಷ್ಟದ ಏರಿಳಿತ ಸುಮಾರು ಏಳು, ಅವನು ಮುಂದಿರುವುದು ಹದಿನೈದು. ಆಗ ನಾನು ಕಿವಿ ನೆಟ್ಟಗೆ ಮಾಡುತ್ತೇನೆ. ಒಂದು ಸೀಸನ್‌ನ ಲೆಕ್ಕ ನೋಡಿ ಯಾರಾದರೂ ‘ಈ ಹುಡುಗ 1200 ಮೀಟರ್‌ನಲ್ಲಿ ರಾಜ’ ಅಂದರೆ, ಎಷ್ಟು ಸವಾರಿ ಅಂತ ಕೇಳಿ. ಹನ್ನೊಂದೋ ಹದಿನಾಲ್ಕೋ ಅಂತ ಉತ್ತರ ಬರುತ್ತದೆ. ದೂರ, ಟ್ರ್ಯಾಕ್, ತಿಂಗಳು ಅಂತ ಹೋಳು ಮಾಡುತ್ತ ಹೋದಷ್ಟೂ ಕೈಯಲ್ಲಿ ಉಳಿಯುವುದು ಚೂರು.

ಇದಕ್ಕೆ ಒಂದೇ ಅಪವಾದ ಇಟ್ಟುಕೊಂಡಿದ್ದೇನೆ. ಅದು ಜಾಕಿ ಮತ್ತು ಟ್ರೇನರ್ ಜೋಡಿ. ಇಲ್ಲಿ ಅಂಕಿ ಚಿಕ್ಕದಿದ್ದರೂ ಹಿಂದೆ ಒಂದು ಕಾರಣ ಇದೆ. ಕುದುರೆಯನ್ನು ಬೆಳಗಿನ ಜಾವ ಓಡಿಸುವವನೂ ರೇಸಿನಲ್ಲಿ ಹತ್ತುವವನೂ ಒಬ್ಬನೇ ಆದರೆ ಅದರ ಹಟ, ಹೆದರಿಕೆ ಎಲ್ಲ ಅವನಿಗೆ ಗೊತ್ತಿರುತ್ತದೆ. ಒಬ್ಬ ಟ್ರೇನರ್‌ನ ಎರಡು ಕುದುರೆ ಒಂದೇ ರೇಸಿನಲ್ಲಿದ್ದಾಗ ಅವನ ಮೊದಲ ಜಾಕಿ ಯಾವುದನ್ನು ಹತ್ತಿದ ಅಂತ ಬರೆದಿಡಿ. ಇನ್ನೊಂದನ್ನು ಯಾರು ಹತ್ತಿದರು ಅಂತಲೂ ಬರೆದಿಡಿ. ಜನ ಮೊದಲನೆಯದರ ಮೇಲೆ ಹಣ ಹಾಕುತ್ತಾರೆ, ಎರಡನೆಯದರ ದರ ಉಬ್ಬುತ್ತದೆ. ಕೆಲವು ಸಲ ಆ ಉಬ್ಬು ಅತಿಯಾಗಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಜಾಕಿ ಬದಲಾವಣೆಯ ಪುಟ. ತಾಂಡೇಲ ಬೋಟು ಬದಲಿಸಿದ ಹಾಗೆ. ಒಂದು ಕುದುರೆ ಕಳೆದ ಮೂರು ರೇಸಿನಲ್ಲಿ ಹೊಸಬನ ಕೈಯಲ್ಲಿ ನಾಲ್ಕನೆಯದೋ ಐದನೆಯದೋ ಬಂದಿದೆ, ಈ ಸಲ ಅನುಭವಿ ಹತ್ತಿದ್ದಾನೆ ಅಂದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರಲ್ಲಿ ದುಡ್ಡಿಲ್ಲ. ದುಡ್ಡಿರುವುದು ತಿರುಗಾಮುರುಗಾ ಬದಲಾವಣೆಯಲ್ಲಿ. ಚಾಂಪಿಯನ್ ಇಳಿದ, ಹೆಸರಿಲ್ಲದವನು ಹತ್ತಿದ, ದರ 3 ಟು 1ರಿಂದ 7 ಟು 1ಕ್ಕೆ ಏರಿತು. ಚಾಂಪಿಯನ್ ಯಾಕೆ ಇಳಿದ? ಕುದುರೆ ಕೆಟ್ಟಿದೆ ಅಂತಲೋ, ಅವನು ಆ ದಿನ ಊರಲ್ಲೇ ಇಲ್ಲ ಅಂತಲೋ? ಫೆಬ್ರವರಿಯ ಮೊದಲ ಭಾನುವಾರ ಮುಂಬೈಯ ಮಹಾಲಕ್ಷ್ಮಿಯಲ್ಲಿ ಇಂಡಿಯನ್ ಡರ್ಬಿ ಇರುತ್ತದೆ. ದೊಡ್ಡ ಜಾಕಿಗಳೆಲ್ಲ ಅಲ್ಲಿಗೆ ಹೋಗುತ್ತಾರೆ. ಊರಲ್ಲಿಲ್ಲದ ಕಾರಣಕ್ಕೆ ಬದಲಾಗಿದ್ದರೆ ಕುದುರೆಯದು ಏನೂ ತಪ್ಪಿಲ್ಲ. ಆಗ 7 ಟು 1 ಜಾಸ್ತಿಯಾಯಿತು ಅಂತ ನನ್ನ ಲೆಕ್ಕ.

ಕಲಿಯುವ ಹುಡುಗರ, ಅಂದರೆ ಅಪ್ರೆಂಟಿಸ್‌ಗಳ ಲೆಕ್ಕವನ್ನು ಬೇರೆ ಪುಟದಲ್ಲಿಡಿ. ಅನುಭವ ಕಡಿಮೆ ಅಂತ ಅವರಿಗೆ ಕೆಲವು ಕಿಲೋ ತೂಕದ ರಿಯಾಯಿತಿ ಇದೆ. ಗೆಲುವು ಹೆಚ್ಚಿದಂತೆ ಆ ರಿಯಾಯಿತಿ ಕರಗುತ್ತದೆ. ಹಾಗಾಗಿ ಹೋದ ವರ್ಷದ ಸ್ಟ್ರೈಕ್ ರೇಟ್ ಈ ವರ್ಷಕ್ಕೆ ಹೊಂದುವುದಿಲ್ಲ. ಅದು ಹಗುರ ತೂಕದ ಲೆಕ್ಕ.

ಮೈಸೂರಿನ ಸೀಸನ್ ಮಳೆಗಾಲದ ಹಿಂಬದಿಯಲ್ಲಿ ಬರುತ್ತದೆ. ಬೆಂಗಳೂರಿನ ಅಂಕಿಗಳನ್ನು ಅಲ್ಲಿಗೆ ಎತ್ತಿಕೊಂಡು ಹೋಗಬೇಡಿ. ಟ್ರ್ಯಾಕ್ ಎಷ್ಟು ಮೆತ್ತಗಿದೆ ಅಂತ ಪೆನೆಟ್ರೋಮೀಟರ್ ಅಂಕಿ ಪ್ರಕಟಿಸುತ್ತಾರೆ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ನಮ್ಮೂರಲ್ಲಿ ರೇಸ್ ಅಂದರೆ ಓಸಿ ಮಟ್ಕಾದ ಅಣ್ಣ ಅಂತ ತಿಳಿದವರೇ ಜಾಸ್ತಿ. ನನ್ನ ಹೆಂಡತಿಯೂ ಅವರಲ್ಲಿ ಒಬ್ಬಳು. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ ಅಂತ ತೀರ್ಪು ಕೊಟ್ಟಿದೆ ಅಂತ ಅವಳಿಗೆ ಹೇಳಿ ನೋಡಿದೆ. ‘ಕೌಶಲ ಕುದುರೆಯದ್ದಾ, ನಿಮ್ಮದಾ?’ ಅಂದಳು. ಅವತ್ತಿನಿಂದ ತೀರ್ಪಿನ ಸುದ್ದಿ ಬಿಟ್ಟಿದ್ದೇನೆ. ಇಲ್ಲಿ ಕೂತು ಯಾರದೋ ಮೂಲಕ ಚೀಟಿ ಬರೆಸುವುದಿಲ್ಲ. ಹಾಕುವುದಿದ್ದರೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಕ್ಲಬ್ಬಿನ ಕೌಂಟರಿನಲ್ಲೇ ಹಾಕುತ್ತೇನೆ. ಒಂದು ರಾತ್ರಿಯ ಪ್ರಯಾಣ ಇರುವುದರಿಂದ ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಆಗುವುದಿಲ್ಲ. ಅದೂ ಒಳ್ಳೆಯದೇ.

ಕೊನೆಗೆ ತೆರಿಗೆ. ಇದನ್ನು ಬಿಟ್ಟು ಲೆಕ್ಕ ಮಾಡಿದವನ ನೋಟ್‌ಬುಕ್ ಸಮುದ್ರಕ್ಕೆ ಎಸೆಯಬಹುದು. 2023ರ ಅಕ್ಟೋಬರ್ 1ರಿಂದ ಬೆಟ್‌ನ ಪೂರ್ತಿ ಮೊತ್ತಕ್ಕೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಗಿದೆ. ₹100ರ ಬೆಟ್ ಮೇಲೆ ₹40 ಸೇರಿಸಿ ಕೊಟ್ಟಿರಿ ಅನ್ನಿ. 2 ಟು 1ರಲ್ಲಿ ಗೆದ್ದರೆ ಕೈಗೆ ₹300. ತೆರಿಗೆ ಇಲ್ಲದಿದ್ದರೆ ನೂರಕ್ಕೆ 33 ಸಲ ಗೆದ್ದರೆ ಬಂಡವಾಳ ವಾಪಸ್. ಈಗ 47 ಸಲ ಗೆಲ್ಲಬೇಕು. 9 ಟು 1ರಲ್ಲಿ ಹತ್ತು ಸಲ ಸಾಕಿದ್ದದ್ದು ಹದಿನಾಲ್ಕು ಆಗಿದೆ. ಅಂದರೆ ಜಾಕಿಯ ಅಂಕಿ 1.27 ಬಂದರೂ ಸಾಲದು, 1.4 ದಾಟಬೇಕು, ಬುಕ್ಕಿಯ ಕೂಲಿ ಬೇರೆ. ಒಂದೇ ಗೆಲುವು ₹10,000 ದಾಟಿದರೆ ಶೇ. 30 ಟಿಡಿಎಸ್ ಮುರಿದುಕೊಳ್ಳುತ್ತಾರೆ.

ಈ ಲೆಕ್ಕ ಬರೆದ ಮೇಲೆ ನನ್ನ ಬೆಟ್‌ಗಳು ಬಹಳ ಕಡಿಮೆಯಾಗಿವೆ. ಹೋದ ಸಲ ಬೆಂಗಳೂರಿಗೆ ಹೋದಾಗ ಎಂಟು ರೇಸ್ ಇತ್ತು. ನೋಟ್‌ಬುಕ್ ಒಪ್ಪಿದ್ದು ಒಂದೇ ಒಂದು, ಏಳನೆಯದರಲ್ಲಿ, ದರ 12 ಟು 1 ಇದ್ದರೆ ಮಾತ್ರ. ಬೋರ್ಡಿನ ಮುಂದೆ ನಿಂತು ಕಾದೆ. 10, 9, 8. ಇಳಿಯುತ್ತಲೇ ಹೋಯಿತು. ಜೇಬಿನಿಂದ ಹಣ ತೆಗೆಯಲಿಲ್ಲ. ಕುದುರೆ ಎರಡನೆಯದು ಬಂತು. ಖಾಲಿ ಜಾಗದಲ್ಲಿ ‘ಕೊನೆಯ 200 ಮೀಟರ್ ಚೆನ್ನಾಗಿ ತಳ್ಳಿದ’ ಅಂತ ಬರೆದುಕೊಂಡು, ಕ್ಯಾಂಟೀನಿನಲ್ಲಿ ಒಂದು ಮಸಾಲೆ ದೋಸೆ ತಿಂದು, ಎಂಟನೇ ರೇಸಿನ ಅಂಕಿ ಗುರುತು ಹಾಕಲು ಮತ್ತೆ ಸ್ಟ್ಯಾಂಡ್ ಹತ್ತಿದೆ.