ಬಫರ್‌ನ್ನು ಕೊನೆಗೆ ಬಿಡೋದು ಯಾರು?

ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಮೆಮೊರಿ ಕೊಡೋದು ಸುಲಭ, ವಾಪಸ್ ತಗೊಳ್ಳೋದೇ ಕಷ್ಟ. ಸಣ್ಣ ಜಿಪಿಯು (ಗ್ರಾಫಿಕ್ಸ್ ಚಿಪ್) ಒಂದಕ್ಕೆ ಲಿನಕ್ಸ್ ಡ್ರೈವರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಕೋಡ್ ಮುಟ್ಟುವ ಮೊದಲು ಒಂದು ಹಾಳೆ ಮೇಲೆ ಬರೆದುಕೊಂಡೆ: ಈ ಬಫರ್ (ಜಿಪಿಯು ಬಳಸುವ ಮೆಮೊರಿ ತುಂಡು) ಯಾರ್ಯಾರ ಕೈಲಿದೆ, ಯಾರು ಯಾವಾಗ ಬಿಡ್ತಾರೆ?

ಆಪ್ ಹತ್ತಿರ ಬಫರ್ ಗುರುತಿಸುವ ಹ್ಯಾಂಡಲ್ ಇರುತ್ತದೆ. ಎಂಮ್ಯಾಪ್ ಮಾಡಿ ಬಫರ್ ತನಗೆ ನೇರ ಕಾಣುವಂತೆ ಮಾಡಿಕೊಂಡಿದ್ದರೆ ಅದೂ ಒಂದು ಹಿಡಿತ. ಜಿಪಿಯು ಪೇಜ್ ಟೇಬಲ್‌ನಲ್ಲಿ (ಯಾವ ವಿಳಾಸ ಮೆಮೊರಿಯ ಯಾವ ಪೇಜ್‌ಗೆ, ಅಂದರೆ ಯಾವ ತುಂಡಿಗೆ, ಹೋಗುತ್ತದೆ ಅನ್ನುವ ಪಟ್ಟಿ) ಮ್ಯಾಪಿಂಗ್ ಇರುತ್ತದೆ. ಜಿಪಿಯು ಮೇಲೆ ಓಡುತ್ತಿರುವ ಜಾಬ್ ಇರುತ್ತದೆ. ಆ ಬಫರ್ ಪರದೆ ಮೇಲೆ ಕಾಣುತ್ತಿದ್ದರೆ ಡಿಸ್‌ಪ್ಲೇ ಕೂಡ ಪಾಲುದಾರ. ಡಿಎಂಎ-ಬಫ್ (ಬಫರ್ ಹಂಚಿಕೊಳ್ಳುವ ವ್ಯವಸ್ಥೆ) ಆಗಿ ಬೇರೆ ಪ್ರೋಗ್ರಾಂಗೆ ಕೊಟ್ಟಿದ್ದರಂತೂ ಅವರು ಯಾವಾಗ ಬಿಡ್ತಾರೋ ನಮಗೆ ಗೊತ್ತೇ ಆಗಲ್ಲ. ಇಷ್ಟೂ ಜನ ಬಿಟ್ಟ ಮೇಲೆಯೇ ಪೇಜ್‌ಗಳು ಕರ್ನಲ್‌ಗೆ ವಾಪಸ್ ಹೋಗಬೇಕು.

2008ರಲ್ಲಿ ಕರ್ನಲ್‌ಗೆ ಸೇರಿದ ಜೆಮ್ (ಗ್ರಾಫಿಕ್ಸ್ ಮೆಮೊರಿ ನೋಡಿಕೊಳ್ಳುವ ಭಾಗ) ಇದಕ್ಕೆ ಎರಡು ಲೆಕ್ಕ ಇಡುತ್ತದೆ. ಹ್ಯಾಂಡಲ್‌ಗಳ ಎಣಿಕೆ ಬೇರೆ, ಆಬ್ಜೆಕ್ಟ್‌ನ (ಕರ್ನಲ್ ಒಳಗಿನ ಬಫರ್‌ನ) ರೆಫರೆನ್ಸ್ ಎಣಿಕೆ, ಅಂದರೆ ಒಟ್ಟು ಎಷ್ಟು ಹಿಡಿತಗಳಿವೆ ಅನ್ನೋದು, ಬೇರೆ. ಹ್ಯಾಂಡಲ್ ಅಂದರೆ ಸುಮ್ನೆ ಒಂದು ನಂಬರ್ ಅಷ್ಟೇ. ಆಪ್ ಅದನ್ನು ಮುಚ್ಚಿದ ಮಾತ್ರಕ್ಕೆ ಬಫರ್ ಸಾಯುವುದಿಲ್ಲ. ಬಾಡಿಗೆದಾರ ಕೀಲಿ ಕೊಟ್ಟು ಹೋದರೂ ಒಳಗೆ ಇನ್ನೊಬ್ಬರು ಮಲಗಿರಬಹುದು, ಅಲ್ವಾ? ಹಾಗೆ. ಅದಕ್ಕೇ ನಾನು ಜಾಬ್ ಸಲ್ಲಿಕೆಯಾಗುವಾಗ ಅದು ಮುಟ್ಟುವ ಪ್ರತಿ ಬಫರ್‌ಗೂ ಒಂದೊಂದು ರೆಫರೆನ್ಸ್ ತಗೊಂಡೆ. ಜಾಬ್‌ನ ಫೆನ್ಸ್ (ಕೆಲಸ ಮುಗಿಯಿತು ಅಂತ ತಿಳಿಸುವ ಗುರುತು) ಸಿಗ್ನಲ್ ಆಗುವ ತನಕ ಅದನ್ನು ಬಿಡುವುದಿಲ್ಲ.

ಹ್ಯಾಂಡಲ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಬಫರ್ ಹುಟ್ಟಿಸುವ ಐಆಕ್ಟಲ್‌ನಲ್ಲಿ (ಆಪ್ ಡ್ರೈವರ್‌ಗೆ ಕೊಡುವ ಕರೆ) ಮೊದಲು ಆಬ್ಜೆಕ್ಟ್ ತಯಾರಾಗುತ್ತದೆ, ಆಮೇಲೆ ಅದಕ್ಕೆ ಹ್ಯಾಂಡಲ್ ಕೊಡ್ತೀವಿ, ಕೊನೆಗೆ ನಮ್ಮ ಕೈಲಿದ್ದ ರೆಫರೆನ್ಸ್ ಬಿಡ್ತೀವಿ. ಹ್ಯಾಂಡಲ್ ಹುಟ್ಟಿದ ಕ್ಷಣದಿಂದ ಅದು ಹೊರಗಿನವರ ಸ್ವತ್ತು. ನಮ್ಮ ಐಆಕ್ಟಲ್ ಇನ್ನೂ ಮುಗಿದಿರದಿದ್ದರೂ ಸರಿ, ಅದೇ ಪ್ರೋಗ್ರಾಂನ ಇನ್ನೊಂದು ಥ್ರೆಡ್ ಆ ನಂಬರ್ ಊಹಿಸಿ ಮುಚ್ಚಬಹುದು. ಊಹಿಸೋದು ಕಷ್ಟವೂ ಅಲ್ಲ, ನಂಬರ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ಆಗ ನಾವು ರೆಫರೆನ್ಸ್ ಬಿಟ್ಟ ಮೇಲೆ ಆಬ್ಜೆಕ್ಟ್‌ನ ಸೈಜ್ ಓದಲು ಹೋದರೂ ಸತ್ತ ಮೆಮೊರಿ ಓದಿದಂತೆ. ಆದ್ದರಿಂದ ಆಪ್‌ಗೆ ಹಿಂತಿರುಗಿಸುವ ಸೈಜ್, ಆಫ್‌ಸೆಟ್ ಎಲ್ಲವನ್ನೂ ನಾನು ಮೊದಲೇ ತುಂಬಿಸಿ, ಹ್ಯಾಂಡಲ್ ಕೊಡುವುದನ್ನು ಕೊನೆಗೆ ಇಟ್ಟೆ. ಅದರ ಮುಂದಿನ ಸಾಲೇ ರೆಫರೆನ್ಸ್ ಬಿಡುವುದು. ಆಮೇಲೆ ಆ ಪಾಯಿಂಟರ್ ಕಡೆ ತಿರುಗಿಯೂ ನೋಡಲ್ಲ.

ಜಾಸ್ತಿ ತಲೆ ಕೆಡಿಸಿದ್ದು ರೆಫರೆನ್ಸ್‌ನ್ನು ಎಲ್ಲಿ ನಿಂತು ಬಿಡಬೇಕು ಅನ್ನೋದು. ಫೆನ್ಸ್ ಸಿಗ್ನಲ್ ಆಯ್ತು, ಆಗ ಓಡುವ ನಮ್ಮ ಫಂಕ್ಷನ್, ಅಂದರೆ ಕಾಲ್‌ಬ್ಯಾಕ್, ಬಂತು, ಅಲ್ಲೇ ಬಿಟ್ಟರಾಯ್ತು ಅನಿಸುತ್ತದೆ. ಆದರೆ ಆ ಕಾಲ್‌ಬ್ಯಾಕ್ ಇಂಟರಪ್ಟ್ ಸಂದರ್ಭದಲ್ಲೂ (ಹಾರ್ಡ್‌ವೇರ್ ಕರೆಗೆ ಸಿಪಿಯು ತಕ್ಷಣ ಓಗೊಡುವಾಗ) ಓಡಬಹುದು. ಅಲ್ಲಿ ಯಾರೂ ಮಲಗುವ, ಅಂದರೆ ಕಾಯುತ್ತಾ ನಿಲ್ಲುವ, ಹಾಗಿಲ್ಲ. ಬಿಟ್ಟದ್ದು ಕೊನೇ ರೆಫರೆನ್ಸ್ ಆಗಿದ್ದರೆ ಬಫರ್ ಕೆಡವುವ ಕೆಲಸ ಅಲ್ಲೇ ಶುರುವಾಗುತ್ತದೆ, ಅದಕ್ಕೆ ಮಲಗಬಲ್ಲ ಲಾಕ್‌ಗಳು ಬೇಕು. ಕಿರಿಕಿರಿ ಏನೆಂದರೆ ಸಾಮಾನ್ಯ ಓಟದಲ್ಲಿ ಇದು ಕಾಣುವುದೇ ಇಲ್ಲ. ಆಪ್ ಹ್ಯಾಂಡಲ್ ಹಿಡಿದಿರುವವರೆಗೂ ನಮ್ಮದು ಕೊನೇ ರೆಫರೆನ್ಸ್ ಆಗಲ್ಲ. ಆಪ್ ಜಾಬ್ ಕೊಟ್ಟ ತಕ್ಷಣ ಹ್ಯಾಂಡಲ್ ಮುಚ್ಚಿದಾಗ ಮಾತ್ರ ಬಯಲಾಗುತ್ತದೆ.

ನಾನು ಕಾಲ್‌ಬ್ಯಾಕ್‌ನಲ್ಲಿ ಏನನ್ನೂ ಬಿಡದೆ, ಮುಗಿದ ಜಾಬ್‌ನ್ನು ಒಂದು ಪಟ್ಟಿಗೆ ಸೇರಿಸಿ ವರ್ಕ್‌ಕ್ಯೂಗೆ (ಕೆಲಸವನ್ನು ಆಮೇಲೆ, ಮಲಗಬಹುದಾದ ಕಡೆ ಮಾಡಿಸುವ ಸಾಲು) ಒಪ್ಪಿಸಿದೆ. ಆ ವರ್ಕ್‌ಕ್ಯೂ ಜಾಬ್ ಸಲ್ಲಿಸುವ ಕ್ಯೂ ಆಗಿರಬಾರದು, ಬೇರೆಯದೇ ಬೇಕು. ಒಂದೇ ಆಗಿದ್ದರೆ, ಬಫರ್ ಕೆಡವುವವರು ಲಾಕ್‌ಗೆ ಕಾಯ್ತಾ ಕೂರಬಹುದು, ಆ ಲಾಕ್ ಹಿಡಿದವರು ಮುಂದಿನ ಜಾಬ್‌ನ ಫೆನ್ಸ್‌ಗೆ ಕಾಯ್ತಿರಬಹುದು, ಆ ಜಾಬ್ ಇದೇ ಕ್ಯೂನಲ್ಲಿ ಹಿಂದೆ ನಿಂತಿರುತ್ತದೆ. ಎಲ್ಲರೂ ಕಾಯೋದೇ.

ಇದೇ ಜಾತಿಯ ಇನ್ನೊಂದು ನಿಯಮ: ಫೆನ್ಸ್‌ನ್ನು ಹೊರಗೆ ತೋರಿಸಿದ ಮೇಲೆ ಅದು ಸಿಗ್ನಲ್ ಆಗುವ ದಾರಿಯಲ್ಲಿ ಮಾಮೂಲಿ ರೀತಿಯಲ್ಲಿ ಮೆಮೊರಿ ಕೇಳಬಾರದು. ಮೆಮೊರಿ ಸಾಲದಿದ್ದರೆ ಕರ್ನಲ್, ಮೆಮೊರಿ ಬಿಡಿಸಿಕೊಡುವ ಶ್ರಿಂಕರ್‌ಗಳನ್ನು ಎಬ್ಬಿಸುತ್ತದೆ, ಶ್ರಿಂಕರ್ ನಮ್ಮದೇ ಫೆನ್ಸ್‌ಗೆ ಕಾಯಬಹುದು. ಹಾಗಾಗಿ ಪೇಜ್ ಟೇಬಲ್‌ಗೆ ಬೇಕಾದ ಜಾಗವನ್ನೂ ನಾನು ಮುಂಚೆಯೇ ಎತ್ತಿಟ್ಟುಕೊಂಡೆ.

ಮ್ಯಾಪಿಂಗ್ ತೆಗೆಯುವಾಗ ಕ್ರಮ ಮುಖ್ಯ. ಮೊದಲು ಪೇಜ್ ಟೇಬಲ್ ನಮೂದು ಅಳಿಸು, ಆಮೇಲೆ ಜಿಪಿಯುವಿನ ಟಿಎಲ್‌ಬಿ (ಬಳಸಿದ ವಿಳಾಸಗಳನ್ನು ನೆನಪಿಡುವ ಜಾಗ) ಖಾಲಿ ಮಾಡಿಸು, ಅದು ಮುಗಿದ ಮೇಲೆಯೇ ಪೇಜ್ ಬಿಡು. ಟಿಎಲ್‌ಬಿಯಲ್ಲಿ ಹಳೇ ವಿಳಾಸ ಉಳಿದರೆ, ಇನ್ನೊಬ್ಬರಿಗೆ ಹೋದ ಪೇಜ್ ಮೇಲೆ ಜಿಪಿಯು ಬರೆಯುತ್ತದೆ. ಅದು ಬರೀ ಬಗ್ ಅಲ್ಲ, ಭದ್ರತೆಯ ತೂತು.

ಯೂಸರ್‌ಸ್ಪೇಸ್ (ಕರ್ನಲ್ ಹೊರಗೆ, ಆಪ್‌ಗಳಿರುವ ಜಾಗ) ಕಡೆ ಕೆಲಸ ಕಡಿಮೆ, ಆದರೆ ಒಂದು ಬಲೆ ಇದೆ. ಒಂದೇ ಡಿಎಂಎ-ಬಫ್‌ನ್ನು ಎರಡು ಸಲ ಇಂಪೋರ್ಟ್ ಮಾಡಿದರೆ ಕರ್ನಲ್ ಅದೇ ಹ್ಯಾಂಡಲ್ ಕೊಡುತ್ತದೆ, ಎಷ್ಟು ಸಲ ಕೊಟ್ಟೆ ಅಂತ ಎಣಿಸಲ್ಲ. ಒಂದು ಸಲ ಮುಚ್ಚಿದರೆ ಇಬ್ಬರಿಗೂ ಹೋಯ್ತು. ಎಣಿಕೆ ನಾವೇ ಇಡಬೇಕು. ಎಣಿಕೆ ಸೊನ್ನೆಗೆ ಇಳಿಯುವುದು, ನಮ್ಮ ಎಣಿಕೆಯ ಟೇಬಲ್‌ನಿಂದ ತೆಗೆಯುವುದು, ಹ್ಯಾಂಡಲ್ ಮುಚ್ಚುವುದು ಈ ಮೂರೂ ಒಂದೇ ಲಾಕ್ ಒಳಗೆ ಆಗಬೇಕು, ಇಂಪೋರ್ಟ್ ಕೂಡ ಅದೇ ಲಾಕ್ ಹಿಡಿಯಬೇಕು. ಇಲ್ಲದಿದ್ದರೆ ಒಂದು ಥ್ರೆಡ್ ಮುಚ್ಚುತ್ತಿರುವ ನಂಬರ್‌ನ್ನೇ ಇನ್ನೊಂದು ಥ್ರೆಡ್ ಹೊಸದು ಅಂತ ಪಡೆದಿರುತ್ತದೆ.

ಪರೀಕ್ಷೆಗೆ ಕೇಸಾನ್ (ಸತ್ತ ಮೆಮೊರಿ ಮುಟ್ಟಿದರೆ ಹಿಡಿಯುವ ಸಾಧನ) ಮತ್ತು ಲಾಕ್‌ಗಳ ತಪ್ಪು ಹಿಡಿಯುವ ಲಾಕ್‌ಡೆಪ್ ಎರಡನ್ನೂ ಹಾಕಿದ ಕರ್ನಲ್ ಕಟ್ಟಿಕೊಂಡೆ. ನಿಧಾನ, ಆದರೆ ಇವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ ಅಂತಲೇ ಹೇಳ್ತೀನಿ. ಉದ್ದನೆಯ ಜಾಬ್ ಒಂದನ್ನು ಕೊಟ್ಟು, ಅದು ಓಡುತ್ತಿರುವಾಗಲೇ ಹ್ಯಾಂಡಲ್ ಮುಚ್ಚುವ ಚಿಕ್ಕ ಪ್ರೋಗ್ರಾಂ ಬರೆದೆ. ಅದೇ ಪ್ರೋಗ್ರಾಂನ್ನು ನಡುವೆ ಕಿಲ್ ಮಾಡುವ ಸ್ಕ್ರಿಪ್ಟ್ ಇನ್ನೊಂದು. ಪ್ರತಿ ಸುತ್ತು ಮುಗಿದ ಮೇಲೆ ಡೀಬಗ್‌ಎಫ್‌ಎಸ್‌ನಲ್ಲಿ (ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಕಡತಗಳು) ಬದುಕಿರುವ ಬಫರ್‌ಗಳ ಪಟ್ಟಿ ಓದುತ್ತದೆ. ಪಟ್ಟಿ ಖಾಲಿ ಇರಬೇಕು. ಖಾಲಿ ಇಲ್ಲದಿದ್ದರೆ ಪ್ರತಿ ಬಫರ್ ಮುಂದೆ ಯಾರು ಹಿಡಿದಿದ್ದಾರೆ ಅಂತ ಒಂದು ಹೆಸರು ಬರುವ ಹಾಗೆ ಮಾಡಿಕೊಂಡಿದ್ದೇನೆ: ಹ್ಯಾಂಡಲ್, ಮ್ಯಾಪಿಂಗ್, ಜಾಬ್, ಡಿಸ್‌ಪ್ಲೇ. ಡೀಬಗ್ ಬಿಲ್ಡ್‌ನಲ್ಲಿ ಮಾತ್ರ. ಸೋರಿಕೆ ಹುಡುಕುವಾಗ ಬರೀ ಎಣಿಕೆ 3 ಅಂತ ಕಂಡರೆ ಏನೂ ತಿಳಿಯಲ್ಲ, ಆ ಮೂವರು ಯಾರು ಅಂತ ಕಂಡರೆ ಅರ್ಧ ಕೆಲಸ ಆದ ಹಾಗೆ.