ಹಲ್ಲಿನ ಬಿಳಿ ಸಿಮೆಂಟ್ ಹಳದಿ ಆಯಿತೇ? ತೆಗೆಸುವ ಮುಂಚೆ ಇಷ್ಟು ಮಾಡಿ

ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಹುಡುಗಿ ಅವ್ವನ ಜೊತೆ ಸೇಡಂ ಕಡೆಯಿಂದ ಕಲಬುರಗಿಗೆ, ನನ್ನ ದವಾಖಾನೆಗೆ ಬಂದಿದ್ದಳು. ಮುಂದಿನ ಹಲ್ಲಿನ ಮೂಲೆ ಮುರಿದಿದ್ದಕ್ಕೆ ಬೇರೆ ಕಡೆ ಬಿಳಿ ಸಿಮೆಂಟ್ ಹಾಕಿಸಿ ಎಂಟು ತಿಂಗಳಾಗಿತ್ತು. "ಹಾಕಿಸಿದಾಗ ಗೊತ್ತೇ ಆಗ್ತಿರಲಿಲ್ರಿ ಡಾಕ್ಟ್ರ. ಈಗ ಅರಿಶಿಣ ಹಚ್ಚಿದಂಗ ಆಗ್ಯದ. ಪೂರಾ ತೆಗದು ಹೊಸಾದು ಹಾಕ್ರಿ" ಎಂದರು ಅವ್ವ. ನಾನು ತೆಗೆಯಲಿಲ್ಲ. ಪಾಲಿಶ್ ಮಾಡಿದೆ. ಹದಿನೈದು ನಿಮಿಷದ ಕೆಲಸ. ಹಳದಿ ಹೋಯಿತು.

ಹಳೆ ಸಿಮೆಂಟನ್ನು ಕೊರೆದು ತೆಗೆಯುವಾಗ ಪ್ರತಿ ಸಲವೂ ಸ್ವಲ್ಪ ಒಳ್ಳೆಯ ಹಲ್ಲು ಹೋಗುತ್ತದೆ. ಎರಡರ ಬಣ್ಣವೂ ಒಂದೇ ಇರುವುದರಿಂದ ಸಿಮೆಂಟ್ ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಶುರುವಾಯಿತು ಎಂದು ಗುರುತಿಸುವುದು ವೈದ್ಯರಿಗೂ ಕಷ್ಟ. ಹಾಗೆ ಹೋದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಈ ಮಾತೆಲ್ಲ ಬರೆಯುತ್ತಿದ್ದೇನೆ.

ಬಣ್ಣ ಹಿಡಿಯುವುದು ಯಾಕೆ?

ನಾವು ಬಿಳಿ ಸಿಮೆಂಟ್ ಅನ್ನುವುದು ನಿಜಕ್ಕೂ ಸಿಮೆಂಟ್ ಅಲ್ಲ. ಅದರ ಹೆಸರು ಕಾಂಪೋಸಿಟ್. ರಾಳದಂಥ ಪ್ಲಾಸ್ಟಿಕ್ಕಿನಲ್ಲಿ ಸಣ್ಣ ಗಾಜಿನ ಪುಡಿ ಕಲಸಿದ ವಸ್ತು. ಅಮೆರಿಕದ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ರಾಳ ಇವತ್ತಿಗೂ ಎಷ್ಟೋ ಕಾಂಪೋಸಿಟ್‌ಗಳಲ್ಲಿದೆ. ಗಾಜಿನ ಪುಡಿ ಬಣ್ಣ ಹೀರುವುದಿಲ್ಲ. ರಾಳ ಹೀರುತ್ತದೆ.

ಮನೆಯಲ್ಲೇ ನೋಡಿ. ಎಣ್ಣೆಗಾಯಿ ಬದನೆಕಾಯಿ ಪಲ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಎಷ್ಟು ತಿಕ್ಕಿದರೂ ಹಳದಿ ಹೋಗುವುದಿಲ್ಲ. ಅದೇ ಪಲ್ಯ ಪಿಂಗಾಣಿ ತಟ್ಟೆಯಲ್ಲಿದ್ದರೆ ತೊಳೆದ ತಕ್ಷಣ ಹೋಗುತ್ತದೆ. ಅರಿಶಿಣದ ಬಣ್ಣ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ರಾಳಕ್ಕೂ ಅದು ಸಲೀಸಾಗಿ ಇಳಿಯುತ್ತದೆ. ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸತು-ತಾಮ್ರದ ಹೂಜಿಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಹೂಜಿ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಚ್ಚಿದ ಮಣ್ಣು ಎರಡಕ್ಕೂ ಒಂದೇ. ಬಾಯಲ್ಲೂ ಹಾಗೇ. ಒಂದೇ ಊಟ ಉಂಡರೂ ಹೊಳಪು ಕೊಟ್ಟ ಸಿರಾಮಿಕ್ ಕ್ಯಾಪ್‌ಗೆ ಕಲೆ ಹತ್ತುವುದು ತೀರಾ ಕಡಿಮೆ. ಕಾಂಪೋಸಿಟ್‌ಗೆ ಅದಕ್ಕಿಂತ ಜಾಸ್ತಿ. ಕ್ಯಾಪ್ ಬರುವ ತನಕ ಹಾಕುವ ತಾತ್ಕಾಲಿಕ ಪ್ಲಾಸ್ಟಿಕ್ ಕ್ಯಾಪ್‌ಗಂತೂ ವಾರದಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 1: ಹಾಕಿಸುವ ಮೊದಲು

ಲಿಪ್‌ಸ್ಟಿಕ್ ಒರೆಸಿಕೊಂಡು ಹೋಗಿ. ಆದಷ್ಟು ಹಗಲು ಹೊತ್ತು ಆರಿಸಿಕೊಳ್ಳಿ. ಬಣ್ಣ ಹೊಂದಿಸಲು ನಮ್ಮಲ್ಲಿ ಶೇಡ್ ಗೈಡ್ ಇರುತ್ತದೆ. ಜಾಸ್ತಿ ಬಳಕೆಯಲ್ಲಿರುವುದರಲ್ಲಿ ಎ1ರಿಂದ ಡಿ4ರವರೆಗೆ 16 ಬಣ್ಣಗಳಿವೆ. ಅದನ್ನು ಹಲ್ಲಿನ ಪಕ್ಕ ಹಿಡಿದು ನೋಡುವುದು ಕೆಲಸ ಶುರುವಾಗುವ ಮುಂಚೆ, ಹಲ್ಲು ಒದ್ದೆ ಇರುವಾಗ. ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟರೆ ಹಲ್ಲು ಒಣಗಿ ನಿಜಕ್ಕಿಂತ ಬೆಳ್ಳಗೆ ಕಾಣುತ್ತದೆ. ಆಗ ಆರಿಸಿದ ಬಣ್ಣ ಮರುದಿನ ಎದ್ದು ಕಾಣುತ್ತದೆ. ಎಷ್ಟೋ ಜನ "ಸಿಮೆಂಟ್ ಬಣ್ಣ ಬದಲಾಯಿತು" ಅನ್ನುತ್ತಾರೆ. ಅಲ್ಲಿ ಸಿಮೆಂಟ್ ಇದ್ದ ಹಾಗೇ ಇರುತ್ತದೆ, ಹಲ್ಲು ನೀರು ಕುಡಿದು ತನ್ನ ಬಣ್ಣಕ್ಕೆ ಮರಳಿರುತ್ತದೆ.

ಹಲ್ಲು ಬಿಳಿ ಮಾಡಿಸುವ ಬ್ಲೀಚಿಂಗ್ ಮನಸ್ಸಿನಲ್ಲಿದ್ದರೆ ಅದನ್ನು ಮೊದಲು ಮಾಡಿಸಿ. ಬ್ಲೀಚಿಂಗ್ ಹಲ್ಲನ್ನು ಬಿಳಿ ಮಾಡುತ್ತದೆ, ಆದರೆ ಸಿಮೆಂಟನ್ನು ಹಲ್ಲಿನಷ್ಟು ಬಿಳಿ ಮಾಡುವುದಿಲ್ಲ. ಅದಾದ ಮೇಲೆ ಒಂದೆರಡು ವಾರ ಬಿಟ್ಟು ಸಿಮೆಂಟ್ ಹಾಕಿಸಿ. ಇಲ್ಲದಿದ್ದರೆ ಸರಿಯಾಗಿ ಅಂಟುವುದಿಲ್ಲ.

ಇನ್ನೊಂದು ಮಾತು. ಯಾದಗಿರಿ, ಕಲಬುರಗಿ ಜಿಲ್ಲೆಯ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಚಿಕ್ಕಂದಿನಲ್ಲಿ ಅಂಥ ನೀರು ಕುಡಿದವರ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಇರುತ್ತವೆ. ಅವರಿಗೆ ಒಂದೇ ಬಣ್ಣದ ಸಿಮೆಂಟ್ ಹೊಂದುವುದಿಲ್ಲ. ಎರಡು ಮೂರು ಬಣ್ಣ ಪದರ ಪದರವಾಗಿ ಹಾಕಬೇಕಾಗುತ್ತದೆ. ಇದನ್ನು ಮೊದಲೇ ಮಾತಾಡಿಕೊಳ್ಳಿ.

ಹೆಜ್ಜೆ 2: ಕುರ್ಚಿಯಿಂದ ಏಳುವ ಮೊದಲು

ಕಾಂಪೋಸಿಟ್ ಗಟ್ಟಿಯಾಗುವುದು ನೀಲಿ ಬೆಳಕಿನಿಂದ. ಆದರೆ ಗಾಳಿ ತಾಗುವ ಮೇಲಿನ ತೆಳು ಪದರ ಬೆಳಕು ಬಿದ್ದರೂ ಪೂರ್ತಿ ಗಟ್ಟಿಯಾಗುವುದಿಲ್ಲ. ಗಾಳಿಯ ಆಕ್ಸಿಜನ್ ಅದನ್ನು ತಡೆಯುತ್ತದೆ. ಈ ಅಂಟು ಪದರ ಉಳಿದರೆ ಅರಿಶಿಣ, ಚಹಾ ಎಲ್ಲ ಮೊದಲು ಅದಕ್ಕೇ ಹತ್ತುತ್ತವೆ. ಪಾಲಿಶ್ ಮಾಡಿದಾಗ ಆ ಪದರ ಹೋಗಿ ಕೆಳಗಿನ ಗಟ್ಟಿ ಭಾಗ ಮೇಲೆ ಬರುತ್ತದೆ. ಅದಕ್ಕೆ ಪಾಲಿಶ್ ಸುಮ್ನೆ ಚೆಂದಕ್ಕೆ ಮಾಡುವುದಲ್ಲ.

ನಾಲಿಗೆ ಆಡಿಸಿ ನೋಡಿ. ಪಕ್ಕದ ಹಲ್ಲಿನಷ್ಟೇ ನುಣುಪು ಇರಬೇಕು. ತರಿ ತರಿ ಅನಿಸಿದರೆ "ಇನ್ನೊಂದು ಸ್ವಲ್ಪ ಪಾಲಿಶ್ ಮಾಡ್ರಿ" ಎಂದು ಕೇಳಿ. ಸಂಕೋಚ ಬೇಡ. ಕನ್ನಡಿ ತೆಗೆದುಕೊಂಡು ಕಿಟಕಿ ಹತ್ತಿರ ಹೋಗಿ ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಆರು ತಿಂಗಳ ಮೇಲೆ ಬಣ್ಣ ಬದಲಾಯಿತೋ ಇಲ್ಲವೋ ಹೇಳಲು ನಿಮಗೂ ನಮಗೂ ಅದೇ ಸಾಕ್ಷಿ.

ಹೆಜ್ಜೆ 3: ಮೊದಲ ಎರಡು ದಿನ

ಜನ ಜಾಸ್ತಿ ತಪ್ಪುವುದು ಇಲ್ಲೇ. ದೀಪ ಆರಿಸಿದ ಮೇಲೂ ಕಾಂಪೋಸಿಟ್ ಒಳಗೊಳಗೇ ಗಟ್ಟಿಯಾಗುತ್ತಿರುತ್ತದೆ. ಸುಮಾರು 24 ಗಂಟೆ ಅದು ನಡೆಯುತ್ತದೆ. ಅದೇ ಹೊತ್ತಿಗೆ ಬಾಯಿಯ ನೀರನ್ನೂ ಎಳೆದುಕೊಳ್ಳುತ್ತಿರುತ್ತದೆ. ಆ ನೀರಿನ ಜೊತೆ ಬಣ್ಣವೂ ಒಳಗೆ ಹೋಗುತ್ತದೆ.

ನಮ್ಮ ಕಡೆ ಅರಿಶಿಣ ಇಲ್ಲದ ಊಟ ಹುಡುಕುವುದು ಕಷ್ಟ, ಅಲ್ವಾ? ತೊಗರಿ ಬ್ಯಾಳಿ, ಝುಣಕಾ, ಸುಸಲಾ, ತಹರಿ ಎಲ್ಲ ಹಳದಿ. ಎರಡು ದಿನ ಮಾತ್ರ ಅವನ್ನು ಬಿಡಿ. ಹಾಲು-ರೊಟ್ಟಿ, ಮೊಸರನ್ನ, ಜೋಳದ ನುಚ್ಚಿಗೆ ಮಜ್ಜಿಗೆ, ಬಾಳೆಹಣ್ಣು, ಇಡ್ಲಿಗೆ ಕಾಯಿ ಚಟ್ನಿ ನಡೆಯುತ್ತವೆ. ಚಹಾ, ಕಾಫಿ, ಎಲೆ-ಅಡಿಕೆ ಬೇಡ. ಮದುವೆ ಸುಗ್ಗಿಯಲ್ಲಿ ಬೆಳಿಗ್ಗೆ ಸಿಮೆಂಟ್ ಹಾಕಿಸಿ ಸಂಜೆ ತಹರಿ ಊಟಕ್ಕೆ ಹೋಗುವವರು ದಿನಾಂಕವನ್ನೇ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 4: ಆಮೇಲೆ ದಿನಾಲೂ

ಚಹಾ ಕುಡಿದ ಮೇಲೆ ಒಂದು ಗುಟುಕು ನೀರು ಮುಕ್ಕಳಿಸಿ. ಚಹಾದ ಬಣ್ಣ ಬಹುಮಟ್ಟಿಗೆ ಮೇಲೆ ಕೂರುತ್ತದೆ, ಬ್ರಶ್‌ಗೆ ಹೋಗುತ್ತದೆ. ಕಾಫಿಯದು ಒಳಗೂ ಇಳಿಯುತ್ತದೆ.

ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿ ಮುಟ್ಟಬೇಡಿ. ಇವತ್ತು ಬೆಳ್ಳಗೆ ಕಂಡರೂ ಸಿಮೆಂಟಿನ ಮೇಲೆ ಗೀರು ಬೀಳುತ್ತವೆ, ನಾಳೆ ಆ ಗೀರುಗಳಲ್ಲೇ ಬಣ್ಣ ಕೂರುತ್ತದೆ. ಮೆದು ಬ್ರಶ್, ಸಾದಾ ಪೇಸ್ಟ್ ಸಾಕು. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಒಳ್ಳೆಯ ಔಷಧಿಯೇ. ಆದರೆ ವೈದ್ಯರು ಹೇಳಿದ ದಿನಕ್ಕಿಂತ ಜಾಸ್ತಿ ಬಳಸಿದರೆ ಹಲ್ಲು, ಸಿಮೆಂಟ್ ಎರಡೂ ಕಂದಾಗುತ್ತವೆ. ಅದರ ಜೊತೆ ಚಹಾ ಸೇರಿದರೆ ಇನ್ನೂ ಬೇಗ.

ಗುಟ್ಕಾ, ಹೊಗೆಸೊಪ್ಪು, ಮಿಶ್ರಿ ಹಾಕುವವರಿಗೆ ಯಾವ ಸಿಮೆಂಟೂ ಬೆಳ್ಳಗೆ ಉಳಿಯುವುದಿಲ್ಲ. ಆದರೆ ಅವರ ಬಾಯಿ ತೆರೆದಾಗ ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ಕೆನ್ನೆಯ ಒಳಗೆ ಗಾಯ ಅಥವಾ ಬಿಳಿ ತೇಪೆ ಇದೆಯೇ ಎಂದು. ಇಂಥವರಲ್ಲಿ ಬಾಯಿ ಕ್ಯಾನ್ಸರ್ ಎಷ್ಟೋ ಸಲ ಶುರುವಾಗುವುದು ಅಲ್ಲೇ. ದಯವಿಟ್ಟು ಬಿಡಿ.

ಹೆಜ್ಜೆ 5: ಬಣ್ಣ ಹಿಡಿದೇ ಬಿಟ್ಟರೆ

ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ. ಮೇಲೆಲ್ಲಾ ಮಬ್ಬು ಹಳದಿ ಇದ್ದರೆ ಹೆಚ್ಚಿನ ಸಲ ಪಾಲಿಶ್ ಸಾಕು. ಸಿಮೆಂಟ್ ಮತ್ತು ಹಲ್ಲು ಸೇರುವ ಅಂಚಿನಲ್ಲಿ ಮಾತ್ರ ತೆಳು ಕಂದು ಗೆರೆ ಇದ್ದರೆ ಅಲ್ಲಿ ಸಣ್ಣ ಸಂದು ಬಿಟ್ಟಿರಬಹುದು. ಗೆರೆ ಇದ್ದ ಮಾತ್ರಕ್ಕೆ ಒಳಗೆ ಹುಳುಕು ಇದೆ ಅಂತಲ್ಲ, ವೈದ್ಯರು ಪರೀಕ್ಷಿಸಲಿ. ಅಂಚನ್ನಷ್ಟೇ ಸ್ವಲ್ಪ ಕೆರೆದು ಹೊಸ ಕಾಂಪೋಸಿಟ್ ಸೇರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಒಳಗಿನ ತನಕ ಬಣ್ಣ ಬದಲಾಗಿದ್ದರೆ ಮೇಲಿನ ಅರ್ಧ ಮಿಲಿಮೀಟರಿನಷ್ಟು ತೆಗೆದು ಹೊಸ ಪದರ ಕೂರಿಸಬಹುದು. ಸಿಮೆಂಟ್ ಅಲ್ಲಾಡುತ್ತಿದೆ, ಮುರಿದಿದೆ, ಒಳಗೆ ಹುಳುಕು ಇದೆ ಎಂದಾದರೆ ಮಾತ್ರ ಪೂರ್ತಿ ತೆಗೆಯಬೇಕು.

ದವಾಖಾನೆಗೆ ಹೋದಾಗ "ಬದಲಾಯಿಸ್ರಿ" ಎಂದು ಶುರು ಮಾಡಬೇಡಿ. "ಪಾಲಿಶ್‌ಗೆ ಹೋಗ್ತದೇನ್ರಿ?" ಎಂದು ಕೇಳಿ.

ಸೇಡಂ ಹುಡುಗಿಯ ಹಲ್ಲಿನಲ್ಲಿ ಹಳದಿ ಹೋದ ಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಉಳಿದಿತ್ತು. ಹುಳುಕು ಇರಲಿಲ್ಲ. ಅದನ್ನು ಹಾಗೇ ಬಿಟ್ಟು, ಫೋಟೊ ತೆಗೆದಿಟ್ಟುಕೊಂಡು, ಆರು ತಿಂಗಳಿಗೆ ಬಾ ಎಂದಿದ್ದೇನೆ.