ಪಂಚರತ್ನಂ ಅವರ ಸೈಟೇಶನ್ ನಕ್ಷೆ ಕೊನೆಗೂ ಮುಗಿಯಿತು

ಭೌತಶಾಸ್ತ್ರಜ್ಞ ಎಸ್. ಪಂಚರತ್ನಂ ಅವರ ಸೈಟೇಶನ್ ನಕ್ಷೆ, ಅಂದರೆ ಅವರ ಪೇಪರನ್ನು ಯಾರು ಯಾರು ಹೆಸರಿಸಿದ್ದಾರೆ ಎಂದು ತೋರಿಸುವ ಚಿತ್ರ, ಮಾಡುತ್ತೇನೆ ಎಂದಾಗ ನಮ್ಮ ಲೈಬ್ರರಿ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಎಚ್-ಇಂಡೆಕ್ಸ್ ತೆಗೆದು ಕೊಡಿ ಸಾರ್, ಸಾಕು" ಎಂದರು ಒಬ್ಬರು. ಪೇಪರುಗಳನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂಬುದರಿಂದ ತೆಗೆಯುವ ಒಂದು ಅಂಕಿ ಅದು. "ಜೊತೆಗೆ ಬರೆದವರೇ ಇಲ್ಲದ ಮನುಷ್ಯನಿಗೆ ನೆಟ್‌ವರ್ಕ್ ಎಲ್ಲಿಂದ ತರುತ್ತೀರಿ?" ಎಂದರು ಇನ್ನೊಬ್ಬರು. ಒಂದೂವರೆ ವರ್ಷ ಹಿಡಿಯಿತು. ಈಗ ನಕ್ಷೆ ನನ್ನ ಮೇಜಿನ ಮೇಲಿದೆ.

ಪಂಚರತ್ನಂ ಸಿ.ವಿ. ರಾಮನ್ ಅವರ ಸೋದರಳಿಯ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, 1956ರಲ್ಲಿ, ಧ್ರುವೀಕೃತ ಬೆಳಕಿನ (ಅಲೆಯ ಕಂಪನ ಒಂದು ಕ್ರಮದಲ್ಲಿರುವ ಬೆಳಕಿನ) ಫೇಸ್ ಬಗ್ಗೆ, ಅಂದರೆ ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದರ ಬಗ್ಗೆ, ಒಂದು ಪೇಪರ್ ಬರೆದರು. ಆಗ ಅವರಿಗೆ 22ರ ಆಸುಪಾಸು. ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ ತೀರಿಕೊಂಡರು, 35 ವರ್ಷ ಅಷ್ಟೇ. 1984ರಲ್ಲಿ ಬ್ರಿಸ್ಟಲ್‌ನ ಮೈಕಲ್ ಬೆರಿ ಕ್ವಾಂಟಮ್ ಲೆಕ್ಕದಲ್ಲಿ ಇಂಥದ್ದೇ ಒಂದು ಫೇಸ್ ತೋರಿಸಿದರು. ಇದು ನಮ್ಮ ಪಂಚರತ್ನಂ ಮೊದಲೇ ಕಂಡದ್ದು ಎಂದು 1986ರಲ್ಲಿ ರಾಮಶೇಷನ್ ಮತ್ತು ನಿತ್ಯಾನಂದ ಅವರು ಕರೆಂಟ್ ಸೈನ್ಸ್‌ನಲ್ಲಿ ಬರೆದರು. ಮರುವರ್ಷ ಬೆರಿಯವರೇ ಅದನ್ನು ಒಪ್ಪಿ ಒಂದು ಪೇಪರ್ ಬರೆದರು. 30 ವರ್ಷ ಮಲಗಿದ್ದ ಪೇಪರ್ ಎದ್ದು ಕೂತಿತು.

ಮೊದಲು ಕಳೆದುಕೊಂಡದ್ದು ದುಡ್ಡು. ಸುಮಾರು 18 ಸಾವಿರ ಕೊಟ್ಟು ಒಂದು ಡೇಟಾಬೇಸಿನಿಂದ ಸೈಟೇಶನ್ ಸಾಲುಗಳನ್ನು ತರಿಸಿಕೊಂಡೆ. ಬಂದದ್ದು ನೋಡಿ ಹೊಟ್ಟೆ ಉರಿಯಿತು. ಒಂದೇ ಪೇಪರ್ ಮೂರು ಚೂರಾಗಿತ್ತು. ಪತ್ರಿಕೆಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಮೊಟಕು ಮಾಡಿದ್ದರು. 1975ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ತಂದ ಪಂಚರತ್ನಂ ಅವರ ಸಮಗ್ರ ಸಂಪುಟವನ್ನು ಮಾತ್ರ ಹೆಸರಿಸಿದವರು ಪೇಪರಿನ ಲೆಕ್ಕಕ್ಕೇ ಬಂದಿರಲಿಲ್ಲ. ಆ ದುಡ್ಡು ಹೋಯಿತು.

ಆಮೇಲೆ ಕ್ರಾಸ್‌ರೆಫ್, ಓಪನ್‌ಅಲೆಕ್ಸ್ ಹಿಡಿದೆ. ಎರಡೂ ಪೇಪರುಗಳ ವಿವರ ಸಿಗುವ ಜಾಲತಾಣಗಳು, ಎರಡೂ ಪುಕ್ಕಟೆ. ಡಿಒಐ (ಪೇಪರಿನ ಗುರುತಿನ ಸಂಖ್ಯೆ) ಇದ್ದದ್ದು ಸಲೀಸಾಗಿ ಸಿಕ್ಕಿತು. ಇಲ್ಲದ ಹಳೆಯ ರೆಫರೆನ್ಸುಗಳೇ ಪ್ರಾಣ ತಿಂದವು. ಓಪನ್‌ರಿಫೈನ್ ಎಂಬ ತಂತ್ರಾಂಶದಲ್ಲಿ ಒಂದೇ ಥರದ ಸಾಲುಗಳನ್ನು ಗುಂಪು ಮಾಡಿದ ಮೇಲೂ ಸುಮಾರು 2 ಸಾವಿರ ಸಾಲು ಕಣ್ಣಾರೆ ಓದಬೇಕಾಯಿತು. ಇದಕ್ಕೆ ಸಹಾಯ ಮಾಡಿದ ಎಂ.ಲಿಬ್ (ಗ್ರಂಥಾಲಯ ವಿಜ್ಞಾನ) ಹುಡುಗಿಗೆ 8 ಸಾವಿರ ಕೊಟ್ಟೆ. ಈ ಕೆಲಸದಲ್ಲಿ ದುಡ್ಡು ಸಾರ್ಥಕವಾದದ್ದು ಅಲ್ಲಿ ಮಾತ್ರ.

ಇಲ್ಲಿ ಕಲಿತದ್ದು ಒಂದಿದೆ. ಹೆಸರನ್ನು ನಂಬಬೇಡಿ, ಪುಟವನ್ನು ನಂಬಿ. ಹೆಸರಿನ ಸ್ಪೆಲ್ಲಿಂಗ್ ಎಲ್ಲರೂ ಕೆಡಿಸುತ್ತಾರೆ. ಸಂಪುಟ 44, ಪುಟ 247 ಎಂದಿದ್ದರೆ ಅದು 1956ರ ಪೇಪರಿನ ಮೊದಲ ಭಾಗ. 398 ಎಂದಿದ್ದರೆ ಎರಡನೆಯ ಭಾಗ. ಪುಟದ ಅಂಕಿಯೂ ತಪ್ಪಿದ್ದರೆ ಹಿಡಿಯುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಮುಂದಿನ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ, ಈಗ ಹೇಳುವುದಿಲ್ಲ.

ದೊಡ್ಡ ಎಡವಟ್ಟು ಆದದ್ದು ಚಂದ್ರಶೇಖರ್ ಹೆಸರಿನಲ್ಲಿ. ಎಸ್. ಚಂದ್ರಶೇಖರ್ ಇಬ್ಬರು. ಒಬ್ಬರು ಮೈಸೂರಿನಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿದ ದ್ರವಸ್ಫಟಿಕದವರು, ಇನ್ನೊಬ್ಬರು ಶಿಕಾಗೋದ ಖಗೋಳದವರು. ಇಬ್ಬರೂ ರಾಮನ್ ಅವರ ಮನೆತನದವರೇ! ನನ್ನ ಕಂಪ್ಯೂಟರ್ ಸ್ಕ್ರಿಪ್ಟ್ ಇಬ್ಬರನ್ನೂ ಒಂದೇ ನೋಡ್ (ನಕ್ಷೆಯ ಚುಕ್ಕೆ) ಮಾಡಿತ್ತು. ನಕ್ಷೆಯ ನಡುವೆ ಒಂದು ಭಾರಿ ಚುಕ್ಕೆ ಕೂತಿತ್ತು. ಶಿಕಾಗೋದವರನ್ನು ಸುಮ್ನೆ ಅಳಿಸಿಬಿಟ್ಟೆ. ಅದೂ ತಪ್ಪೇ. 1940ರ ದಶಕದಲ್ಲಿ ಸ್ಟೋಕ್ಸ್ ಪ್ಯಾರಾಮೀಟರುಗಳನ್ನು (ಬೆಳಕಿನ ಧ್ರುವೀಕರಣವನ್ನು ಹೇಳುವ ಅಂಕಿಗಳನ್ನು) ಮತ್ತೆ ಬಳಕೆಗೆ ತಂದವರು ಅವರು. ಧ್ರುವೀಕರಣದ ಪೇಪರುಗಳಲ್ಲಿ ಅವರ ಹೆಸರು ಬರಲೇಬೇಕು, ಅಲ್ವಾ? ಮೂರು ವಾರದ ಕೆಲಸ ಮತ್ತೆ ಮೊದಲಿನಿಂದ ಮಾಡಿದೆ.

ಇನ್ನು ನೆಟ್‌ವರ್ಕ್. ಕೋ-ಆಥರ್, ಅಂದರೆ ಜೊತೆಗೆ ಬರೆದವರ, ಲೆಕ್ಕ ಹಿಡಿದರೆ ಪಂಚರತ್ನಂ ಬಹುತೇಕ ಒಂಟಿ. 1959ರಲ್ಲಿ ರಾಮನ್ ಜೊತೆ ಮರೀಚಿಕೆಯ ಬಗ್ಗೆ ಬರೆದದ್ದು ಒಂದು ಗೆರೆ ಕೊಟ್ಟಿತು. ಆದ್ದರಿಂದ ಪೇಪರುಗಳ ಕೊನೆಯಲ್ಲಿ ಯಾರು ಯಾರಿಗೆ ಕೃತಜ್ಞತೆ ಹೇಳಿದ್ದಾರೆ ಎಂಬುದನ್ನೇ ಗೆರೆ ಮಾಡಿದೆ. ಗೆಫಿ ಎಂಬ ನೆಟ್‌ವರ್ಕ್ ಬಿಡಿಸುವ ತಂತ್ರಾಂಶದಲ್ಲಿ ಚೆಂದದ ಉಂಡೆ ಬಿಡಿಸುವುದನ್ನು ಬಿಟ್ಟು, ಎಡದಿಂದ ಬಲಕ್ಕೆ ವರ್ಷಗಳ ಪ್ರಕಾರ ಜೋಡಿಸಿದೆ. ಅವತ್ತು ರಾತ್ರಿ ನಕ್ಷೆ ತಾನಾಗಿಯೇ ಮಾತಾಡಿತು. ಪೇಪರ್ ಹುಟ್ಟಿದ್ದು ರಾಮನ್ ಸಂಸ್ಥೆಯಲ್ಲಿ. 30 ವರ್ಷದ ಮೇಲೆ ಅದನ್ನು ಎಬ್ಬಿಸಿದವರೂ ಅಲ್ಲಿಯವರೇ. 1988ರಲ್ಲಿ ಅದನ್ನು ಮುಂದಕ್ಕೆ ಒಯ್ದ ಜೋಸೆಫ್ ಸ್ಯಾಮ್ಯುಯೆಲ್, ರಾಜೇಂದ್ರ ಭಂಡಾರಿ ಕೂಡ ಅಲ್ಲಿಯವರೇ. ಯಾವ ಎಚ್-ಇಂಡೆಕ್ಸ್ ಇದನ್ನು ತೋರಿಸುತ್ತದೆ ಹೇಳಿ!

2001ರ ನಂತರ ಗೆರೆಗಳು ಇಸ್ರೇಲಿನ ಟೆಕ್ನಿಯಾನ್ ವಿಶ್ವವಿದ್ಯಾಲಯದ ಕಡೆಗೆ ಓಡುತ್ತವೆ. ಅಲ್ಲಿಂದ ಚಪ್ಪಟೆ ಲೆನ್ಸ್ ಮಾಡುವವರ ಲೋಕಕ್ಕೆ. ಅವರು "ಪಂಚರತ್ನಂ–ಬೆರಿ ಫೇಸ್" ಎಂದು ತಲೆಬರಹದಲ್ಲೇ ಬರೆಯುತ್ತಾರೆ, ಎಷ್ಟೋ ಸಲ ಕೆಳಗೆ 1956ರ ಪೇಪರ್ ಇರುವುದೇ ಇಲ್ಲ. ಇಂಥವನ್ನು ಚುಕ್ಕೆ ಗೆರೆಯಲ್ಲಿ ಹಾಕಿದ್ದೇನೆ. ಬಿಟ್ಟರೆ ಆ ಮನುಷ್ಯನಿಗೆ ಅನ್ಯಾಯ.

ನಡುವೆ ಇದೇ ದಾರಿಯಲ್ಲಿ ರಾಮನ್ ಅವರ 1928ರ ಪೇಪರ್ ಹಿಡಿದು ನೋಡಿದೆ. ಎರಡೇ ದಿನಕ್ಕೆ ಕೈಬಿಟ್ಟೆ. ರಾಮನ್ ಸ್ಪೆಕ್ಟ್ರೋಸ್ಕೋಪಿ ಎನ್ನುವವರು ಮೂಲ ಪೇಪರನ್ನು ಹೆಸರಿಸುವುದೇ ಅಪರೂಪ. ಹಾಗಾದರೆ ಎಲ್ಲವೂ ಚುಕ್ಕೆ ಗೆರೆಯೇ ಆಗುತ್ತದೆ.

ಒಟ್ಟು ಖರ್ಚು, ಲ್ಯಾಪ್‌ಟಾಪಿಗೆ ಹಾಕಿಸಿದ ರ್‍ಯಾಮ್ ಸೇರಿ, 32 ಸಾವಿರದ ಹತ್ತಿರ. ಮೊದಲೇ ಗೊತ್ತಿದ್ದರೆ 14ರಲ್ಲಿ ಮುಗಿಯುತ್ತಿತ್ತು. ನೆಟ್‌ವರ್ಕ್ ಎಲ್ಲಿಂದ ತರುತ್ತೀರಿ ಎಂದವರು ಹೋದ ವಾರ ಬಂದಿದ್ದರು. ನಕ್ಷೆಯ ಮುಂದೆ ಅರ್ಧ ಗಂಟೆ ನಿಂತರು. ತಮ್ಮ ಊರಿನ ಒಬ್ಬ ಸಸ್ಯಶಾಸ್ತ್ರಜ್ಞರಿಗೂ ಹೀಗೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಮೊದಲು ಅವರ ಪೇಪರುಗಳ ಕೊನೆಯ ಪುಟಗಳನ್ನು ಜೆರಾಕ್ಸ್ ಮಾಡಿಸಿ ತನ್ನಿ ಎಂದಿದ್ದೇನೆ.